ಯಾವ ಸಾಲಿನ ಸಂಖ್ಯೆ

ಹೋದ ತಿಂಗಳು ಅರಸೀಕೆರೆಯ ಕಾಲೇಜಿನಲ್ಲಿ ನಮ್ಮ ಮೇಡಂಗೆ ಬೀಳ್ಕೊಡುಗೆ ಇತ್ತು. ಹಳೆಯ ವಿದ್ಯಾರ್ಥಿಗಳ ಪರವಾಗಿ ಐದು ನಿಮಿಷ ಮಾತಾಡಬೇಕೆಂದು ನನ್ನನ್ನೂ ವೇದಿಕೆಗೆ ಕರೆದರು. ನಾನು ಆನೆಗಳ ಕಥೆ ಹೇಳಿದೆ. ಜನ ನಕ್ಕರು, ಚಪ್ಪಾಳೆ ತಟ್ಟಿದರು, ಪ್ರಾಂಶುಪಾಲರಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಾರ ಹಾಕಿಸಿಕೊಂಡು ಕೂತಿದ್ದ ಮೇಡಂ ಮಾತ್ರ ನಗಲಿಲ್ಲ. ಬಲಗಿವಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು, ಇವಳು ಇನ್ನೂ ಏನೋ ಹೇಳುತ್ತಾಳೆ ಎಂಬಂತೆ ಕಾಯುತ್ತಿದ್ದರು. ನಾನು ನಮಸ್ಕಾರ ಮಾಡಿ ಕೆಳಗಿಳಿದೆ. ಹೇಳಬೇಕಾಗಿದ್ದದ್ದು ಹೊಟ್ಟೆಯಲ್ಲೇ ಉಳಿಯಿತು. ಅದನ್ನು ಈಗ ಬರೆಯುತ್ತಿದ್ದೇನೆ.

ಆನೆಗಳ ಕಥೆ ಚಿಕ್ಕದು. ಎಂ.ಎಸ್ಸಿ. ಓದುವಾಗ ನಮ್ಮ ಬ್ಯಾಚನ್ನು ಮೇಡಂ ಹಳೇಬೀಡಿಗೆ ಕರೆದುಕೊಂಡು ಹೋಗಿದ್ದರು. ಗೈಡು ಗೋಡೆಯ ಕೆಳಗಿನ ಆನೆಗಳ ಪಟ್ಟಿಕೆ ತೋರಿಸಿ, ಇಷ್ಟು ಸಾವಿರ ಆನೆ, ಒಂದರ ಹಾಗೆ ಇನ್ನೊಂದಿಲ್ಲ ಎಂದು ಶುರು ಮಾಡಿದ. ಮೇಡಂ ಮಧ್ಯದಲ್ಲೇ ಕೇಳಿದರು. "ಸೊಂಡಿಲು ಒಡೆದಿರೋವು ಲೆಕ್ಕಕ್ಕೆ ಉಂಟಾ?" ಗೈಡು ತಲೆ ಕೆರೆದುಕೊಂಡ. "ಮೂಲೇಲಿರೋದು ಎರಡು ಕಡೆಯಿಂದಲೂ ಕಾಣುತ್ತಲ್ಲ, ಅದು ಒಂದೋ ಎರಡೋ?" ಅವನು, "ಹಂಗೆಲ್ಲ ಯಾರೂ ಕೇಳಲ್ಲ ಮೇಡಂ" ಎಂದ. "ಅದಕ್ಕೇ ಕಣಪ್ಪ, ನೀನೊಂದು ಹೇಳ್ತೀಯ, ನಿನ್ನ ಪಕ್ಕದವನು ಇನ್ನೊಂದು ಹೇಳ್ತಾನೆ. ಇಬ್ರೂ ಸುಳ್ಳು ಹೇಳ್ತಿಲ್ಲ, ಆದ್ರೂ ಇಬ್ರನ್ನೂ ನಂಬೋ ಹಂಗಿಲ್ಲ." ಆಮೇಲೆ ನಾವೆಲ್ಲ ಬಿಸಿಲಲ್ಲಿ ಎರಡು ಗುಂಪಾಗಿ, ಒಡೆದ ಆನೆ ಬಿಟ್ಟು ಒಂದು ಗುಂಪು, ಸೇರಿಸಿ ಒಂದು ಗುಂಪು, ಎಣಿಸಿದೆವು. ಗೈಡಿಗೂ ಹುಚ್ಚು ಹಿಡಿದು, ಬಂದ ಪ್ರವಾಸಿಗರನ್ನು ಬಿಟ್ಟು ನಮ್ಮ ಜೊತೆ ಎಣಿಸುತ್ತಾ ಬಂದ. ನಮಗೆ ಕೊನೆಯ ಬಸ್ಸು ತಪ್ಪಿತು.

ಈ ಕಥೆ ಕೇಳಿದವರು ಮೇಡಂ ಅವರನ್ನು ಒಂದು ತಮಾಷೆಯ ಹೆಂಗಸು ಎಂದುಕೊಳ್ಳುತ್ತಾರೆ. ಹಾಗೇನಿರಲಿಲ್ಲ. ಅವರ ಜೊತೆ ಕೆಲಸ ಮಾಡುವುದು ಕಷ್ಟವಿತ್ತು, ಅದನ್ನು ಮುಚ್ಚಿಟ್ಟು ನಾನೇನು ಅವರ ಮರ್ಯಾದೆ ಉಳಿಸಬೇಕಾಗಿಲ್ಲ. ಹಾರನಹಳ್ಳಿಯ ಕಡೆಯವರು. ಅವರ ಕೇರಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ಪಾಠ ಮಾಡುವಾಗ 'ಇದೆ' ಎನ್ನುತ್ತಿದ್ದರು, ಕೋಪ ಬಂದಾಗ 'ಐತೆ' ಎನ್ನುತ್ತಿದ್ದರು. ಹಾಗಾಗಿ ಲ್ಯಾಬಿನ ಬಾಗಿಲ ಹೊರಗೇ ನಿಂತು ಒಳಗಿನ ಹವಾಮಾನ ತಿಳಿದುಕೊಳ್ಳಬಹುದಿತ್ತು. ಎಡಗಿವಿ ಚಿಕ್ಕಂದಿನಲ್ಲೇ ಹೋಗಿತ್ತು. ಎಲ್ಲೇ ಕೂತರೂ ಗೋಡೆ ಎಡಕ್ಕೆ ಬರುವ ಹಾಗೆ ಕೂರುತ್ತಿದ್ದರು. ಯೋಚನೆ ಮಾಡುವಾಗ ಒಂದು ಕಾಲಿನ ಚಪ್ಪಲಿ ಬಿಟ್ಟು, ಬರಿಗಾಲನ್ನು ತಣ್ಣನೆಯ ನೆಲದ ಮೇಲೆ ಇಟ್ಟುಕೊಳ್ಳುತ್ತಿದ್ದರು.

ಲೆಕ್ಕ ಕೆದಕುವ ಚಾಳಿ ಸಂತೆಯಲ್ಲೂ ಬಿಡುತ್ತಿರಲಿಲ್ಲ. ತೆಂಗಿನಕಾಯಿ ತೂಕ ಹೇಳಿದರೆ "ಸಿಪ್ಪೆ ಸಮೇತವೋ, ಸುಲಿದದ್ದೋ?" ಎಂದು ಕೇಳಬೇಕು. ಸಹೋದ್ಯೋಗಿಯೊಬ್ಬರು ನನ್ನ ಸಕ್ಕರೆ ಇಷ್ಟು ಬಂತು ಎಂದರೆ "ಊಟಕ್ಕೆ ಮುಂಚೆಯೋ, ಆಮೇಲೋ?" ನಮ್ಮ ಕಡೆ ಇಂಥವರಿಗೆ ಮೊಸರಲ್ಲಿ ಕಲ್ಲು ಹುಡುಕುವವರು ಎನ್ನುತ್ತಾರೆ. ನಾನೂ ಅವರ ಹಿಂದೆ ಎಷ್ಟೋ ಸಲ ಅಂದಿದ್ದೇನೆ.

ಅವರ ಕೆಲಸವೇ ಅಂಥದ್ದು. ಹರಳಿನ ಮೇಲೆ ಎಕ್ಸ್‌-ರೇ ಬಿಟ್ಟರೆ ಹಿಂದಿನ ತೆರೆಯ ಮೇಲೆ ಸಾವಿರಾರು ಚುಕ್ಕೆಗಳು ಬೀಳುತ್ತವೆ. ಆ ಚುಕ್ಕೆಗಳ ಕಾಂತಿ ಅಳೆದು, ಲೆಕ್ಕ ಹಾಕಿ, ಹರಳಿನೊಳಗೆ ಅಣುಗಳು ಹೇಗೆ ಕೂತಿವೆ ಎಂದು ಕಂಡುಹಿಡಿಯುವುದು ನಮ್ಮ ವಿದ್ಯೆ. ನಡುವಿನ ಚುಕ್ಕೆಗಳು ಗಟ್ಟಿಯಾಗಿರುತ್ತವೆ. ಅಂಚಿಗೆ ಹೋದಂತೆ ಮಂಕಾಗುತ್ತವೆ. ಸೂಕ್ಷ್ಮ ವಿವರವೆಲ್ಲ ಇರುವುದು ಆ ಅಂಚಿನಲ್ಲೇ. ಅಲ್ಲಿ ಕಾಣುವುದು ನಿಜವಾದ ಚುಕ್ಕೆಯೋ, ಯಂತ್ರದ ಬರಿಯ ಗದ್ದಲವೋ ಎಂದು ತಿಳಿಯಲು ಒಂದು ಸಂಖ್ಯೆ ಬರೆಯುತ್ತೇವೆ: ಸಂಕೇತ ಗದ್ದಲದ ಎಷ್ಟು ಪಟ್ಟು ಇದೆ ಎಂದು. ಅಂಚಿನ ಚುಕ್ಕೆಗಳ ಹೊರಗಿನ ಪದರದಲ್ಲಿ ಅದು ಎರಡಾದರೂ ಇದ್ದರೆ ನಂಬಬಹುದು ಎಂಬುದು ವಾಡಿಕೆ. ತೊಡಕು ಏನೆಂದರೆ ಆ ಸಂಖ್ಯೆಯನ್ನು ಒಂದೊಂದು ಪ್ರೋಗ್ರಾಂ ಒಂದೊಂದು ಥರ ಲೆಕ್ಕ ಹಾಕುತ್ತದೆ. ಒಂದೇ ಚುಕ್ಕೆಯನ್ನು ನಾಲ್ಕಾರು ಸಲ ಅಳೆದಿರುತ್ತೇವೆ. ಕೆಲವು ಪ್ರೋಗ್ರಾಂಗಳು ಒಂದೊಂದು ಅಳತೆಯನ್ನೂ ಬಿಡಿಯಾಗಿ ತೆಗೆದುಕೊಂಡು ಹೇಳುತ್ತವೆ. ಕೆಲವು ಎಲ್ಲವನ್ನೂ ಕೂಡಿಸಿ ಸರಾಸರಿ ಮಾಡಿದ ಮೇಲೆ ಹೇಳುತ್ತವೆ. ಕೂಡಿಸಿದರೆ ಗದ್ದಲ ತಗ್ಗುತ್ತದೆ, ಸಂಖ್ಯೆ ಏರುತ್ತದೆ. ಆದರೆ ಪ್ರಬಂಧದ ಕೋಷ್ಟಕದಲ್ಲಿ ಎರಡಕ್ಕೂ ಒಂದೇ ಹೆಸರು.

ಮೇಡಂ ಇದನ್ನು ಮೊದಲ ದಿನ ನನಗೆ ವಿವರಿಸಿದ್ದು ತಮ್ಮ ಕಿವಿಯ ಮೇಲೆ. "ನೀನು ಒಂದ್ಸಲ ಹೇಳಿದ್ದು ನಂಗೆ ಅರ್ಧ ಕೇಳ್ಸುತ್ತೆ. ನಾಲ್ಕು ಸಲ ಹೇಳಿದ್ರೆ ಪೂರ್ತಿ ತಿಳಿಯುತ್ತೆ. ತಿಳೀತು ಅಂತ ನಿನ್ನ ಗಂಟಲು ದೊಡ್ಡದು ಅಂದ್ಕೋಬೇಡ. ನಾಲ್ಕು ಸಲ ಹೇಳಿದೀಯ ಅಷ್ಟೆ. ಪಕ್ಕದಲ್ಲಿ ಇನ್ನೊಬ್ಬಳು ಒಂದೇ ಸಲ ಹೇಳಿದ್ದಾಳೆ. ಅವಳಿಗಿಂತ ನಿನ್ನ ಧ್ವನಿ ಗಟ್ಟಿ ಅನ್ನೋದು ಯಾವ ನ್ಯಾಯ?"

ಈ ಸಂಖ್ಯೆಯನ್ನು ಎಲ್ಲರೂ ಒಂದೇ ಥರ ಬರೆಯಬೇಕು, ಇಲ್ಲವಾದರೆ ಯಾವ ಥರ ಎಂಬುದನ್ನಾದರೂ ಪಕ್ಕದಲ್ಲೇ ಹೇಳಬೇಕು ಎಂದು ಅವರು ಇಡೀ ನೌಕರಿಯುದ್ದಕ್ಕೂ ಹೋರಾಡಿದರು. ಹೋರಾಟ ಎಂದರೆ ದೊಡ್ಡ ಮಾತಾಯಿತೇನೋ. ಅರ್ಧ ಪುಟದ ಒಂದು ಚೀಟಿ ಮಾಡಿಕೊಂಡಿದ್ದರು. ಯಾವ ಪ್ರೋಗ್ರಾಂ, ಅದು ಮುದ್ರಿಸಿದ ಯಾವ ಸಾಲು, ಬಿಡಿಯೋ ಕೂಡಿಸಿದ್ದೋ, ಯಾವ ಪದರ. ನಮ್ಮ ನೋಟ್‌ಬುಕ್ಕುಗಳಿಗೆ ಅದನ್ನು ಅಂಟಿಸಿ ತುಂಬಿಸಬೇಕಿತ್ತು. ಪತ್ರಿಕೆಗಳ ಸಂಪಾದಕರಿಗೆ ಕಾಗದ ಬರೆದರು. ಕೆಲವರು ವಿನಯವಾಗಿ ಉತ್ತರ ಕೊಟ್ಟು ಸುಮ್ಮನಾದರು. ಸಮ್ಮೇಳನಗಳಲ್ಲಿ ಪ್ರಶ್ನೋತ್ತರದ ಹೊತ್ತಿಗೆ ಎದ್ದು ನಿಂತು, ದೊಡ್ಡ ದೊಡ್ಡವರನ್ನೂ "ಯಾವ ಸಾಲಿಂದ ತಗೊಂಡ್ರಿ?" ಎಂದು ಕೇಳುತ್ತಿದ್ದರು. ಹಿಂದಿನ ಸಾಲಿನವರು 'ಅರಸೀಕೆರೆ ಅಮ್ಮ ಎದ್ರು' ಎಂದು ಪಿಸುಗುಟ್ಟಿ ಕಿಸಕ್ಕೆನ್ನುವುದು ನನಗೆ ಕೇಳುತ್ತಿತ್ತು. ಅವರ ಎಡಗಿವಿಗೆ ಕೇಳುತ್ತಿರಲಿಲ್ಲ, ಅದೇ ಪುಣ್ಯ.

ನಾನು ಹಗರೆಯವಳು. ಮನೆಯಲ್ಲಿ ಎರಡು ಎಮ್ಮೆ, ನಾಲ್ಕು ಸೀಮೆಹಸು, ಬೆಳಗ್ಗೆ ಸಂಜೆ ಡೈರಿ. ಮೇಡಂ ಕೈಕೆಳಗೆ ಪಿಎಚ್.ಡಿ.ಗೆ ಸೇರಿದಾಗ ನನಗೆ ಸಿಕ್ಕಿದ್ದು ಹುರುಳಿಕಾಳಿನ ಒಂದು ಪ್ರೋಟೀನು. ಕಾಳು ನಮ್ಮ ಹೊಲದ್ದೇ. ಅದನ್ನು ರುಬ್ಬಿ, ಸೋಸಿ, ಶುದ್ಧ ಮಾಡಿ, ಹರಳು ಕಟ್ಟಿಸುವುದಕ್ಕೆ ಎರಡೂವರೆ ವರ್ಷ ಹಿಡಿಯಿತು. ಕರೆಂಟು ಹೋದರೆ ಫ್ರಿಜ್ಜಿನೊಳಗಿನ ತಟ್ಟೆಗಳಿಗೆ ಥರ್ಮಕೋಲು ಸುತ್ತಿ, ಎಳೆಗೂಸು ಕಾಯುವ ಹಾಗೆ ಮೇಡಂ ಮತ್ತು ನಾನು ಸರದಿಯಲ್ಲಿ ಕಾಯುತ್ತಿದ್ದೆವು. ಹರಳು ಕಟ್ಟಿದ ದಿನ ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ "ಐತೆ ಕಣೇ, ಐತೆ" ಎಂದರು. ಕೋಪ ಇಲ್ಲದೆ ಅವರ ಬಾಯಲ್ಲಿ ಆ ಮಾತು ಬಂದದ್ದನ್ನು ನಾನು ಕೇಳಿದ್ದು ಆಗಲೇ ಮೊದಲು.

ಬೆಂಗಳೂರಿನ ಯಂತ್ರದಲ್ಲಿ ಚುಕ್ಕೆಗಳನ್ನು ಹಿಡಿದು ತಂದೆವು. ಅಷ್ಟರಲ್ಲಿ ಉತ್ತರದ ಕಡೆಯ ಒಂದು ದೊಡ್ಡ ತಂಡ ಅದೇ ಪ್ರೋಟೀನಿನ ರಚನೆಯನ್ನು ಪ್ರಕಟಿಸಿಬಿಟ್ಟಿತು. ಉಳಿದಿದ್ದ ದಾರಿ ಒಂದೇ: ನಮ್ಮ ಚುಕ್ಕೆಗಳು ಅವರಿಗಿಂತ ದೂರ ಹೋಗಿವೆ, ಅವರಿಗೆ ಕಾಣದ್ದು ನಮಗೆ ಕಂಡಿದೆ ಎಂದು ತೋರಿಸುವುದು. ಹಳೆಯ ಪ್ರೋಗ್ರಾಂನಲ್ಲಿ ಹೊರ ಪದರದ ಸಂಖ್ಯೆ ಒಂದರ ಆಸುಪಾಸಿನಲ್ಲಿತ್ತು. ಆಗ ತಾನೇ ಬಂದಿದ್ದ ಇನ್ನೊಂದು ಪ್ರೋಗ್ರಾಂನಲ್ಲಿ ಹಾಕಿ ನೋಡಿದೆ. ಎರಡು ದಾಟಿತು. ಯಾಕೆ ಏರಿತು ಎಂದು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಒಲಿದು ಬಂದ ಲಕ್ಷ್ಮಿಯನ್ನು ಕಾಲಲ್ಲಿ ಒದೆಯಬಾರದು ಎಂದುಕೊಂಡು ಬರೆದುಬಿಟ್ಟೆ. ಆ ತಂಡದ ಸಂಖ್ಯೆಯನ್ನು ಪಕ್ಕದಲ್ಲಿಟ್ಟು, ನಮ್ಮ ದತ್ತಾಂಶ ಇದಕ್ಕಿಂತ ಉತ್ತಮ ಎಂದು ಒಂದು ವಾಕ್ಯ ಸೇರಿಸಿದೆ. ಇಡೀ ಪ್ರಬಂಧ ನಿಂತದ್ದೇ ಆ ವಾಕ್ಯದ ಮೇಲೆ. ಚೀಟಿ ತುಂಬಲಿಲ್ಲ. ಆಗ ಮೇಡಂ ತಾಯಿಗೆ ಹುಷಾರಿಲ್ಲದೆ ಹಾಸನದ ಆಸ್ಪತ್ರೆಯಲ್ಲಿದ್ದರು. ಫೋನಿನಲ್ಲಿ, "ನೀನೇ ನೋಡಿ ಕಳಿಸು, ನಿನ್ನ ಮೇಲೆ ನಂಗೆ ನಂಬಿಕೆ ಇದೆ" ಎಂದಿದ್ದರು. ಲೇಖಕರು ನಾವಿಬ್ಬರೇ, ಅವರು ಮತ್ತು ನಾನು.

ಪ್ರಬಂಧ ಒಪ್ಪಿತವಾಯಿತು. ಅದನ್ನು ತೋರಿಸಿ ಮೈಸೂರಿನ ಒಂದು ಕಾಲೇಜಿನ ಕಾಯಂ ಹುದ್ದೆಗೆ ಅರ್ಜಿ ಹಾಕಿದೆ. ಸೋಮವಾರ ಸಂದರ್ಶನ. ಅಪ್ಪ ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಹಿಂದಿನ ಗುರುವಾರ ಪತ್ರಿಕೆಯವರು ನಮ್ಮಿಬ್ಬರಿಗೂ ಅಚ್ಚಿನ ಕರಡು ಕಳಿಸಿದರು. ಶುಕ್ರವಾರ ಸಂಜೆಯೊಳಗೆ ಸರಿ ಇದೆ ಎಂದು ತಿಳಿಸಬೇಕಿತ್ತು.

ಗುರುವಾರವೇ ಮೇಡಂ ಫೋನು ಬಂತು. ಹೇಗಿದ್ದೀಯ ಎಂದೂ ಕೇಳಲಿಲ್ಲ.

"ಕೊನೇ ಪದರದ ಎರಡು ಚಿಲ್ಲರೆ, ಯಾವ ಸಾಲಿಂದ ತಗೊಂಡೆ?"

"ಹೊಸ ಪ್ರೋಗ್ರಾಂದು ಮೇಡಂ."

"ಅದಲ್ಲ ನಾನು ಕೇಳಿದ್ದು. ಯಾವ ಸಾಲು?"

ನೆನಪಿಲ್ಲ, ಲ್ಯಾಪ್‌ಟಾಪ್ ತೆಗೆದು ನೋಡಬೇಕು ಎಂದೆ. ನೆನಪಿತ್ತು. "ನಾಳೆ ಹಳೇಬೀಡಿಗೆ ಬಾ. ನಾನು ಅರಸೀಕೆರೆಯಿಂದ ಬರ್ತೀನಿ, ನೀನು ಹಗರೆಯಿಂದ ಬಾ. ಲ್ಯಾಪ್‌ಟಾಪ್ ತಾ" ಎಂದು ಇಟ್ಟುಬಿಟ್ಟರು.

ಶುಕ್ರವಾರ ಮಧ್ಯಾಹ್ನ ಬಸ್‌ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತೆವು. ಶಾಲೆ ಮಕ್ಕಳ ಪ್ರವಾಸದ ಬಸ್ಸುಗಳು ಬಂದು ಗಲಾಟೆಯೋ ಗಲಾಟೆ, ಮೇಡಂಗೆ ನನ್ನ ಮಾತು ಒಂದೂ ಕೇಳಿಸಲಿಲ್ಲ. ಎದ್ದು ಬಸದಿಗಳ ಕಡೆ ನಡೆದೆವು. ಅಲ್ಲಿ ಯಾರೂ ಇರಲಿಲ್ಲ. ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಬಿಸಿಲಿಗೆ ತೆರೆ ಕಾಣುತ್ತಿರಲಿಲ್ಲ. ಮೇಡಂ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನೆರಳು ಮಾಡಿದರು. ಆ ನೆರಳಿನಲ್ಲಿ ನಾವಿಬ್ಬರೂ ತಲೆ ತೂರಿಸಿ ನೋಡಿದೆವು. ಸಾಲು ಸ್ಪಷ್ಟವಾಗಿತ್ತು. ಕೂಡಿಸಿದ ಮೇಲಿನ ಸಂಖ್ಯೆ ಅದು. ಉತ್ತರದ ತಂಡದವರು ಬರೆದಿದ್ದು ಬಿಡಿ ಅಳತೆಯದ್ದು, ಅದನ್ನು ಅವರು ಕೋಷ್ಟಕದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಹೇಳಿದ್ದರು. ನಮ್ಮದನ್ನೂ ಬಿಡಿಯಾಗಿ ನೋಡಿದರೆ ಒಂದರ ಹತ್ತಿರ. ಅವರಿಗಿಂತ ಹೆಚ್ಚೇನೂ ನಮಗೆ ಕಂಡಿರಲಿಲ್ಲ.

ಮೇಡಂ ಸೆರಗು ಇಳಿಸಿದರು. ಒಂದು ಕಾಲಿನ ಚಪ್ಪಲಿ ಬಿಟ್ಟರು.

"ಆ ವಾಕ್ಯ ತೆಗೀಬೇಕು. ಕೋಷ್ಟಕದಲ್ಲಿ ಕೂಡಿಸಿದ್ದು ಅಂತ ಬರೀಬೇಕು. ಸಂಪಾದಕರಿಗೆ ಯಾಕೆ ಅಂತ ಹೇಳ್ಬೇಕು."

"ಹೇಳಿದ್ರೆ ಮತ್ತೆ ಪರಿಶೀಲನೆಗೆ ಹಾಕ್ತಾರೆ ಮೇಡಂ. ಆ ವಾಕ್ಯ ಇಲ್ದಿದ್ರೆ ಪ್ರಬಂಧದಲ್ಲಿ ಏನೈತೆ? ವಾಪಸ್ ಬರುತ್ತೆ. ಸೋಮವಾರ ನಾನು ಏನು ಹಿಡ್ಕೊಂಡು ಹೋಗ್ಲಿ?"

"ಹುರುಳಿ ಹರಳು ಕಟ್ಸಿದೀಯ. ಅದೇ ಕೆಲಸ ಅಲ್ವೇನೇ?"

"ಅದನ್ನ ಸಂದರ್ಶನದೋರು ಕೇಳಲ್ಲ. ಎಷ್ಟು ಪೇಪರ್ ಅಂತ ಕೇಳ್ತಾರೆ. ನಿಮ್ಗೆ ನೌಕರಿ ಇದೆ, ನಿಮ್ಗೆ ಗೊತ್ತಾಗಲ್ಲ."

ಅವರು ನೊಂದುಕೊಂಡರೋ ಇಲ್ಲವೋ ನನಗೆ ತಿಳಿಯಲಿಲ್ಲ. ಧ್ವನಿ ಮಾತ್ರ ಇಳಿಯಿತು. "ಇದನ್ನ ನೋಡಿ ಯಾರೋ ತಮ್ದನ್ನ ಹೋಲಿಸ್ಕೊಳ್ತಾರೆ ಕಣೇ."

"ಯಾರು ನೋಡ್ತಾರೆ ಮೇಡಂ? ಹುರುಳಿಕಾಳಿನ ಕೊನೇ ಪದರವನ್ನ ಈ ಭೂಮಿ ಮೇಲೆ ಯಾರು ನೋಡ್ತಾರೆ?"

ಆಗ ಅವರು ಆಡಬಾರದಿದ್ದ ಮಾತು ಆಡಿದರು. ನಾನು ಯಾವತ್ತೋ ಅವರಿಗೆ ಹೇಳಿದ್ದೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ, ಅಪ್ಪ ಕರೆದ ಹಾಲನ್ನು ಬಿಸಿ ಆರುವ ಮುಂಚೆಯೇ ಡೈರಿಗೆ ಒಯ್ದಿದ್ದ. ಲ್ಯಾಕ್ಟೋಮೀಟರು ಬಿಸಿ ಹಾಲಿನಲ್ಲಿ ಕೆಳಕ್ಕೆ ಇಳಿಯಿತು, ಡಿಗ್ರಿ ಕಡಿಮೆ ಬಂತು. ಸಾಲಿನಲ್ಲಿ ನಿಂತಿದ್ದವರ ಎದುರು "ನೀರು ಬೆರೆಸಿದೀಯ" ಎಂದರು. ಅಪ್ಪ ಒಂದು ವಾರ ಮನೆಯಿಂದ ಹೊರಗೆ ಬರಲಿಲ್ಲ.

"ನಿಮ್ಮಪ್ಪನ ಬಿಸಿ ಹಾಲನ್ನ ಪಕ್ಕದೋನ ತಣ್ಣನೆ ಹಾಲಿನ ಜೊತೆ ಇಟ್ಟು ಅಳೆದ್ರು. ಕಳ್ಳ ಅಂದ್ರು. ನೀನು ಈಗ ಮಾಡ್ತಿರೋದು ಅದೇ ಐತೆ. ಆವತ್ತು ನಿಮ್ಮಪ್ಪ ಅಳೆಸ್ಕೊಂಡ, ಇವತ್ತು ನೀನು ಅಳೀತಿದೀಯ, ಅಷ್ಟೇ ವ್ಯತ್ಯಾಸ."

ನನಗೆ ಮೂಗಿನ ತುದಿಯಲ್ಲೇ ಕೋಪ. ಅಪ್ಪನ ಹೆಸರು ಎತ್ತಿದ ಮೇಲೆ ಕಣ್ಣು ಕತ್ತಲಿಟ್ಟಿತು. "ನೀವು ಹೇಳಿದ ಹಾಗೆ ಬರೆದೋರು ಈ ದೇಶದಲ್ಲಿ ಒಬ್ರಾದ್ರೂ ಇದಾರಾ? ಇಷ್ಟು ವರ್ಷ ಕೂಗಿದೀರ. ಯಾರು ಕೇಳಿದ್ರು? ಹಿಂದೆ ಕೂತು ನಗ್ತಾರೆ ಮೇಡಂ, ನಿಮ್ಮ ಎಡಗಡೆ ಕೂತು ನಗ್ತಾರೆ" ಎಂದೆ. ಎಂದದ್ದು ಅವರ ಬಲಗಡೆಯಿಂದ. ಚೆನ್ನಾಗಿ ಕೇಳಿಸಿತು ಅವರಿಗೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಡಂ ಚಪ್ಪಲಿ ಮೆಟ್ಟಿಕೊಂಡು, "ಗೊತ್ತು" ಎಂದರು. ಇಬ್ಬರೂ ಬಸ್‌ ಸ್ಟ್ಯಾಂಡಿನವರೆಗೆ ನಡೆದೆವು. ಬಸ್ಸು ಹತ್ತುವ ಮುಂಚೆ ತಿರುಗಿ, "ಸೋಮವಾರ ಹೊಟ್ಟೆಗೆ ಏನಾದ್ರೂ ತಿಂದ್ಕೊಂಡು ಹೋಗು. ನೀನು ಹಸ್ಕೊಂಡಿದ್ರೆ ಜೋರಾಗಿ ಮಾತಾಡ್ತೀಯ" ಎಂದರು.

ಹಗರೆಗೆ ಬಂದು, ಸಂಜೆ ಐದು ಗಂಟೆಗೆ, ಕರಡಿನಲ್ಲಿ ಒಂದಕ್ಷರವನ್ನೂ ಮುಟ್ಟದೆ, ಸರಿ ಇದೆ ಎಂದು ಕಳಿಸಿದೆ.

ಒಂದು ಗಂಟೆಯೊಳಗೆ ಸಂಪಾದಕರಿಂದ ಇಮೇಲು. ಮೇಡಂ ಸಿಕ್ಕಿಸಿಹಾಕಿದರು ಎಂದುಕೊಂಡೇ ತೆರೆದೆ. ನಿಮ್ಮ ಸಹಲೇಖಕಿ ತಮ್ಮ ಹೆಸರನ್ನು ಪ್ರಬಂಧದಿಂದ ತೆಗೆಯಬೇಕೆಂದು ಕೋರಿದ್ದಾರೆ, ಇದಕ್ಕೆ ನಿಮ್ಮ ಒಪ್ಪಿಗೆ ಬೇಕು ಎಂದಿತ್ತು. ಕೆಳಗೆ ಮೇಡಂ ಬರೆದ ಪತ್ರ. ಈ ಕೆಲಸದಲ್ಲಿ ನನ್ನ ಪಾಲು ಲೇಖಕಿ ಎನಿಸಿಕೊಳ್ಳುವಷ್ಟಿಲ್ಲ, ಅದನ್ನು ನಾನು ತಡವಾಗಿ ಗಮನಿಸಿದೆ, ಕ್ಷಮಿಸಿ. ಅಷ್ಟೇ.

ಮೂರು ಸಲ ಓದಿದೆ. ಮೂವತ್ತು ತಿಂಗಳು ಫ್ರಿಜ್ಜಿನ ಮುಂದೆ ನನ್ನ ಜೊತೆ ಕೂತಿದ್ದ ಹೆಂಗಸು ಬರೆದ ವಾಕ್ಯ ಅದು. ಅವರು ಸುಳ್ಳು ಬರೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಿಜವಾದ ಕಾರಣ ಬರೆದಿದ್ದರೆ ಪ್ರಬಂಧ ಅಲ್ಲೇ ನಿಲ್ಲುತ್ತಿತ್ತು, ಸೋಮವಾರ ನನ್ನ ಕೈ ಖಾಲಿ. ಆ ಸಂಖ್ಯೆಯ ಪಕ್ಕದಲ್ಲಿ ತಮ್ಮ ಹೆಸರಿರುವುದು ಅವರಿಗೆ ಬೇಡವಾಗಿತ್ತು. ನನ್ನ ಅನ್ನ ಕಳೆಯುವುದೂ ಬೇಡವಾಗಿತ್ತು. ಅದಕ್ಕೆ ಅವರಿಗೆ ಕಂಡ ದಾರಿ ಅದು. ಅದು ಸರಿಯೇ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ಇಮೇಲಿನಲ್ಲಿ ಎರಡು ಗುಂಡಿಗಳಿದ್ದವು, ಒಪ್ಪಿದೆ, ಒಪ್ಪುವುದಿಲ್ಲ ಎಂದು. ಅಡುಗೆಮನೆಯಿಂದ ಅಮ್ಮ, "ಏನೇ ಅದು, ಅಷ್ಟು ಹೊತ್ತಿಂದ ನೋಡ್ತಾನೇ ಇದೀಯ" ಎಂದಳು. "ಏನೂ ಇಲ್ಲ ಕಣಮ್ಮ" ಎಂದು ಒಪ್ಪಿದೆ ಎಂಬುದನ್ನು ಒತ್ತಿದೆ. ನಾಚಿಕೆಯಾಯಿತು. ಸಮಾಧಾನವೂ ಆಯಿತು. ಎರಡೂ ಒಟ್ಟಿಗೇ ಆದದ್ದೇ ಹೆಚ್ಚು ನಾಚಿಕೆಗೇಡು.

ಸಂದರ್ಶನದಲ್ಲಿ ಒಬ್ಬರೇ ಒಬ್ಬರು ಕೇಳಿದರು, ನಿಮ್ಮ ಗೈಡ್ ಹೆಸರು ಯಾಕಿಲ್ಲ ಎಂದು. ಅವರೇ ಬೇಡ ಎಂದರು ಎಂದೆ. "ದೊಡ್ಡ ಮನಸ್ಸು. ಈ ಕಾಲದಲ್ಲಿ ಎಂಥ ಗೈಡ್‌ಗಳು ಇರ್ತಾರೆ ನೋಡಿ" ಎಂದು ಅವರು ಪಕ್ಕದವರಿಗೆ ಹೇಳಿದರು. ಹುದ್ದೆ ಸಿಕ್ಕಿತು. ಅಪ್ಪ ಡೈರಿಯಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದ.

ಮೇಡಂ ಜೊತೆ ಮಾತು ನಿಲ್ಲಲಿಲ್ಲ. ನನ್ನ ಮದುವೆಗೆ ಬಂದರು, ಮಗಳು ಹುಟ್ಟಿದಾಗ ಹಾರನಹಳ್ಳಿಯಿಂದ ಬಾಣಂತಿಗೆ ಎಂದು ಮೆಂತ್ಯದ ಉಂಡೆ ತಂದುಕೊಟ್ಟರು. ನನ್ನ ವಿದ್ಯಾರ್ಥಿಗಳ ಬಗ್ಗೆ ಕೇಳುತ್ತಿದ್ದರು. ಹುರುಳಿಯ ಪ್ರಬಂಧದ ಸುದ್ದಿ ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ನಾನು ನನ್ನ ವಿದ್ಯಾರ್ಥಿಗಳ ನೋಟ್‌ಬುಕ್ಕಿಗೆ ಅವರ ಚೀಟಿ ಅಂಟಿಸುತ್ತೇನೆ, ಕಟ್ಟುನಿಟ್ಟಾಗಿ ತುಂಬಿಸುತ್ತೇನೆ. ಊರಿಗೆಲ್ಲ ಬುದ್ಧಿ ಹೇಳುವವಳ ಮನೆಯಲ್ಲೇ ಕಸ ಎನ್ನುತ್ತಾರಲ್ಲ, ಹಾಗೆ.

ಬೀಳ್ಕೊಡುಗೆ ಮುಗಿದ ನಾಲ್ಕನೆಯ ದಿನ ಒಂದು ಇಮೇಲು ಬಂತು. ಬರೆದವಳು ಒಡಿಶಾದ ಒಂದು ಕಾಲೇಜಿನ ಸಂಶೋಧನಾ ವಿದ್ಯಾರ್ಥಿನಿ. ನನ್ನ ಪರಿಚಯದವಳಲ್ಲ. ಹುರುಳಿಯ ಅದೇ ಪ್ರೋಟೀನಿನ ಹರಳು ಕಟ್ಟಿಸಿದ್ದಾಳೆ. ಅವಳಿಗೆ ಹೊರ ಪದರದ ಸಂಖ್ಯೆ ಒಂದರ ಮೇಲೆ ಏರುತ್ತಿಲ್ಲ. ಅವಳ ಗೈಡ್ ನನ್ನ ಪ್ರಬಂಧ ಮುಂದೆ ಹಿಡಿದು, 'ನೋಡು, ಇವರಿಗೆ ಎರಡು ದಾಟಿದೆ, ನಿನ್ನ ಹರಳು ಕೆಟ್ಟದ್ದು' ಎಂದಿದ್ದಾರೆ. ಒಂದು ವರ್ಷದಿಂದ ಹರಳುಗಳನ್ನು ಎಸೆದು ಎಸೆದು ಮತ್ತೆ ಕಟ್ಟಿಸುತ್ತಿದ್ದಾಳೆ. ಫೆಲೋಶಿಪ್ಪು ಮುಗಿಯಲು ಎರಡು ತಿಂಗಳಿದೆ. ತಾವು ಹರಳು ಕಟ್ಟಿಸಿದ ರೀತಿ ದಯವಿಟ್ಟು ತಿಳಿಸುತ್ತೀರಾ, ಎಲ್ಲಿ ತಪ್ಪುತ್ತಿದ್ದೇನೆ ಎಂದು ನನಗೆ ಗೊತ್ತಾಗುತ್ತಿಲ್ಲ, ಎಂದು ಕೇಳಿದ್ದಳು. ಜೊತೆಗೆ ತನ್ನ ದತ್ತಾಂಶದ ಮುದ್ರಿತ ಹಾಳೆ ಲಗತ್ತಿಸಿದ್ದಳು.

ಹಾಳೆ ತೆರೆದು ನೋಡಿದೆ. ಅವಳು ಬಿಡಿ ಅಳತೆಯ ಸಾಲನ್ನು ನೋಡುತ್ತಿದ್ದಳು. ಅವಳ ಹರಳು ನನ್ನದಕ್ಕಿಂತ ಒಂದು ಕೂದಲೆಳೆ ಚೆನ್ನಾಗಿಯೇ ಇತ್ತು. ಆ ಹುಡುಗಿಯ ಹೊಟ್ಟೆ ಉರಿಸಿದ್ದು, ಅವಳ ಒಂದು ವರ್ಷವನ್ನು ಚರಂಡಿಗೆ ಸುರಿಸಿದ್ದು ನಾನು.

ಮೊದಲು ಅವಳಿಗೆ ಉತ್ತರ ಬರೆದೆ. ನಿನ್ನ ಹರಳಲ್ಲಿ ದೋಷವಿಲ್ಲ, ಒಂದನ್ನೂ ಎಸೆಯಬೇಡ, ದೋಷ ನನ್ನ ಪ್ರಬಂಧದಲ್ಲಿದೆ, ಈ ಪತ್ರವನ್ನು ನಿನ್ನ ಗೈಡ್‌ಗೆ ತೋರಿಸು. ಆಮೇಲೆ ಪತ್ರಿಕೆಗೆ ತಿದ್ದುಪಡಿ ಬರೆದೆ. ಯಾವ ಪ್ರೋಗ್ರಾಂ, ಯಾವ ಸಾಲು, ಕೂಡಿಸಿದ್ದು, ಬಿಡಿಯಾಗಿ ಇಷ್ಟು. ಉತ್ತಮ ಎಂಬ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇನೆ. ಅಚ್ಚಿಗೆ ಹೋಗುವ ಮುಂಚೆಯೇ ಇದು ನನಗೆ ತಿಳಿದಿತ್ತು, ಆಗ ನನ್ನ ಸಹಲೇಖಕಿಯಾಗಿದ್ದವರು ಎಚ್ಚರಿಸಿದ್ದರು, ನಾನು ಕೇಳಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರಿಗೆ ತೋರಿಸಿದೆ. "ಕೊನೇ ವಾಕ್ಯ ಯಾಕ್ರೀ? ಗೊತ್ತಾಗ್ಲಿಲ್ಲ ಅಂತ ಬರೀರಿ, ಸಾಕು. ನಿಮ್ಮ ಬಡ್ತಿ ಫೈಲಿನಲ್ಲಿ ಮೊದಲನೇದೇ ಈ ಪೇಪರು. ನೇಮಕಾತಿಯೇ ಇದರ ಮೇಲೆ ಆಗಿರೋದು. ಯಾರಾದ್ರೂ ಕೆದಕಿದ್ರೆ ವಿಚಾರಣೆ ಆಗುತ್ತೆ" ಎಂದರು. ಅವರು ಹೇಳಿದ್ದು ನಿಜ. ಆಗಬಹುದು.

ಮೇಡಂಗೆ ಫೋನು ಮಾಡಿದೆ. ಎಲ್ಲವನ್ನೂ ಹೇಳಿ, ತಿದ್ದುಪಡಿಯನ್ನು ಓದಿದೆ. ಕೊನೆಯಲ್ಲಿ ನಾನು ಕೇಳಿದೆ:

"ನಿಮ್ಮ ಹೆಸರನ್ನ ಈಗ ಸೇರಿಸ್ತೀನಿ ಮೇಡಂ. ಕೆಲಸ ಅರ್ಧ ನಿಮ್ದೇ. ಅವರಿಗೆ ಹೇಳಿದ್ರೆ ಸೇರಿಸ್ತಾರೆ."

"ಬ್ಯಾಡ."

"ಮೇಡಂ, ನಾನು ಆವತ್ತು ಬಸದೀಲಿ..."

"ಬ್ಯಾಡ ಅಂದೆ ಕಣೇ. ತಪ್ಪು ನಿಂದು, ನೀನೇ ತಿದ್ದು. ನನ್ನ ಹೆಸರು ಹಾಕಿ ಅದನ್ನ ಅರ್ಧ ಮಾಡ್ಕೋಬ್ಯಾಡ." ಅದರ ಹಿಂದೆಯೇ, "ಆ ಹುಡುಗಿಗೆ ನನ್ನ ನಂಬರ್ ಕೊಡು. ಎರಡು ತಿಂಗಳು ಐತಲ್ಲ, ಆಗುತ್ತೆ" ಎಂದರು. ಆಮೇಲೆ ಒಲೆಯ ಮೇಲೆ ಹಾಲಿಟ್ಟಿದ್ದೀನಿ ಎಂದು ಫೋನು ಇಟ್ಟರು.

ತಿದ್ದುಪಡಿಯನ್ನು ಒಂದು ವಾಕ್ಯವನ್ನೂ ತೆಗೆಯದೆ ಕಳಿಸಿದೆ. ಪತ್ರಿಕೆಯವರು ಒಂದು ನಮೂನೆ ಕಳಿಸಿದರು. ತಿದ್ದುಪಡಿಗೆ ಎಲ್ಲ ಲೇಖಕರೂ ಸಹಿ ಮಾಡಬೇಕು, ಸ್ಕ್ಯಾನು ಮಾಡಿ ಕಳಿಸಬೇಕು ಎಂದಿತ್ತು. ಸಹಿಗೆಂದು ಆರು ಗೆರೆ ಬಿಟ್ಟಿದ್ದರು. ಮೊದಲನೆಯದರ ಮೇಲೆ ನನ್ನ ಸಹಿ ಹಾಕಿದೆ. ಎರಡನೆಯದರ ಮೇಲೆ ಪೆನ್ನು ಇಟ್ಟುಕೊಂಡು ತುಂಬ ಹೊತ್ತು ಕೂತೆ. ಆಮೇಲೆ ಉಳಿದ ಐದಕ್ಕೂ ಅಡ್ಡಗೀಟು ಎಳೆದೆ.